ಓಂ ತೀರದಾಚೆಗೆ ಕಾಲುದಾರಿ ಸಾಕು

ಗೋಕರ್ಣದಿಂದ ದಕ್ಷಿಣಕ್ಕೆ ಕಡಲಂಚು ನೇರವಾಗಿ ಸಾಗುವುದಿಲ್ಲ. ಗುಡ್ಡಗಳು ನೀರಿನವರೆಗೂ ಬಂದು ನಿಂತಿವೆ. ಗುಡ್ಡ ಗುಡ್ಡದ ನಡುವೆ ಒಂದೊಂದು ಮರಳಿನ ಕೊಲ್ಲಿ. ಊರೆದುರಿನ ಉದ್ದನೆಯ ತೀರ ಮುಗಿದ ಮೇಲೆ ಒಂದು ಗುಡ್ಡ ಹತ್ತಿಳಿದರೆ ಕುಡ್ಲೆ, ಇನ್ನೊಂದು ಹತ್ತಿಳಿದರೆ ಓಂ, ಆಮೇಲೆ ಹಾಫ್ ಮೂನ್, ಅದರ ನಂತರ ಪ್ಯಾರಡೈಸ್. ಮುಂದೆ ಬೇಲೆಕಾನ, ತದಡಿ, ಅಘನಾಶಿನಿಯ ಅಳಿವೆ. ದೋಣಿಯಲ್ಲಿ ಹೊಳೆ ದಾಟಿದರೆ ಅಘನಾಶಿನಿ ಊರು, ಕಾಗಾಲ, ಕಡ್ಲೆ, ವನ್ನಳ್ಳಿ, ಕಡೆಗೆ ಕುಮಟಾ. ಎಲ್ಲ ಸೇರಿ ಸುಮಾರು 25 ಕಿ.ಮೀ. ದಾರಿ, ಗಟ್ಟಿ ಕಾಲಿನವರು ಒಂದೇ ದಿನದಲ್ಲಿ ಮುಗಿಸುತ್ತಾರೆ, ನೋಡುತ್ತ ನಡೆಯುವವರು ಎರಡು ದಿನ ಇಟ್ಟುಕೊಳ್ಳುತ್ತಾರೆ. ಈ ದಾರಿಯಲ್ಲಿ ಒಂದು ಗಡಿಯಿದೆ, ಯಾವ ನಕ್ಷೆಯಲ್ಲೂ ದಪ್ಪ ಗೆರೆಯಾಗಿ ಕಾಣದ್ದು. ಓಂ ತೀರದ ನೆತ್ತಿಯವರೆಗೆ ಡಾಂಬರು ಬಂದಿದೆ, ವಾಹನ ನಿಲ್ಲಿಸಲು ಜಾಗವಿದೆ, ಮೆಟ್ಟಿಲಿಳಿದರೆ ಮರಳು ಸಿಗುತ್ತದೆ. ಅಲ್ಲಿಂದ ಮುಂದೆ ಹಾಫ್ ಮೂನ್‌ಗೆ ಹೋಗುವವರು ಗುಡ್ಡದ ಬದಿಯ ಕಾಲುದಾರಿ ಹಿಡಿಯಬೇಕು, ಇಲ್ಲವೇ ದೋಣಿ ಹತ್ತಬೇಕು. ಈ ಗಡಿ ಇದ್ದಲ್ಲೇ ಇರಬೇಕು, ಓಂ ತೀರದಾಚೆಗೆ ರಸ್ತೆ ಹೋಗಲೇಬಾರದು ಎಂಬುದು ಈ ಬರಹದ ವಾದ. ನಡಿಗೆ ಆರೋಗ್ಯಕ್ಕೆ ಒಳ್ಳೆಯದು, ಏಕಾಂತ ಚೆಂದ ಎಂಬಂಥ ಕಾರಣಗಳನ್ನು ಇಲ್ಲಿ ತರುತ್ತಿಲ್ಲ. ಮರಳಿನ ತೀರದ ಸ್ವಭಾವಕ್ಕೆ ಹೊಂದುವ ದಾರಿ ಕಾಲುದಾರಿ ಒಂದೇ ಎಂಬುದೇ ಮುಖ್ಯ ಕಾರಣ.

ಮೊದಲು ಮರಳಿನ ವಿಷಯ. ಮಾರ್ಚ್‌ನಲ್ಲಿ ಬಂದವರು ಕಂಡ ತೀರವನ್ನು ಜುಲೈನಲ್ಲಿ ಬಂದವರು ಕಾಣುವುದಿಲ್ಲ. ಮುಂಗಾರಿನ ಎತ್ತರದ, ಒತ್ತೊತ್ತಾದ ಅಲೆಗಳು ತೀರದ ಮರಳನ್ನು ಕೆರೆದು ಒಳಗೆಳೆದುಕೊಂಡು, ತುಸು ದೂರದಲ್ಲಿ ನೀರಿನಡಿ ದಿಬ್ಬಗಳಾಗಿ ಒಟ್ಟುತ್ತವೆ. ಸೆಪ್ಟೆಂಬರ್ ಕಳೆದು ಕಡಲು ತಣ್ಣಗಾದ ಮೇಲೆ ಬರುವ ನಿಧಾನದ ಅಲೆಗಳು ಅದೇ ಮರಳನ್ನು ಸ್ವಲ್ಪಸ್ವಲ್ಪವಾಗಿ ಮರಳಿ ತಂದು ಹಾಕುತ್ತವೆ. ಡಿಸೆಂಬರಿನ ಹೊತ್ತಿಗೆ ತೀರ ಮತ್ತೆ ಅಗಲವಾಗುತ್ತದೆ. ಹೀಗೆ ವರ್ಷಕ್ಕೊಮ್ಮೆ ಹಿಂದೆ ಸರಿದು ಮುಂದೆ ಬರುವುದು ತೀರದ ಆರೋಗ್ಯದ ಲಕ್ಷಣ. ಮಳೆಗಾಲದ ಅಲೆಯ ಹೊಡೆತವನ್ನು ತಡೆಯುವುದು ನೀರಿನಡಿಯ ಆ ದಿಬ್ಬಗಳೇ. ಅಲೆ ಅಲ್ಲೇ ಒಡೆದು ಅರ್ಧ ಬಲ ಕಳೆದುಕೊಂಡು ದಡಕ್ಕೆ ಬರುತ್ತದೆ. ಮರಳಿಗೆ ಓಡಾಡಲು ಜಾಗವಿರಬೇಕು, ಅಷ್ಟೇ. ಜಾಗ ಎಷ್ಟು ಬೇಕೆಂಬುದು ಆ ವರ್ಷದ ಮುಂಗಾರಿಗೆ ಬಿಟ್ಟ ವಿಷಯ. ಕಾಲುದಾರಿಗೆ ಇದರಿಂದ ತೊಂದರೆಯಿಲ್ಲ. ಒಂದು ಮಳೆಗಾಲ ದಾರಿಯ ತುಂಡೊಂದನ್ನು ಕಡಲು ನುಂಗಿದರೆ, ಮುಂದಿನ ಅಕ್ಟೋಬರಿನಲ್ಲಿ ನಡೆಯುವವರು ಹತ್ತು ಹೆಜ್ಜೆ ಮೇಲಕ್ಕೆ ಹೊಸ ಜಾಡು ಹಿಡಿಯುತ್ತಾರೆ. ಯಾರೂ ಟೆಂಡರ್ ಕರೆಯಬೇಕಿಲ್ಲ.

ರಸ್ತೆ ಹಾಗಲ್ಲ. ರಸ್ತೆ ಇದ್ದಲ್ಲೇ ಇರಬೇಕು. ಅದನ್ನು ಉಳಿಸಿಕೊಳ್ಳಲು ಕಡಲನ್ನು ತಡೆಯಬೇಕು. ಇದಕ್ಕೆ ಪರದೇಶದ ಉದಾಹರಣೆ ಬೇಡ, ಮರವಂತೆ ಸಾಕು. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಕರ್ನಾಟಕದಲ್ಲಿ ಅತಿ ಹೆಚ್ಚು ಫೋಟೊ ತೆಗೆಸಿಕೊಂಡ ರಸ್ತೆಗಳಲ್ಲಿ ಇದೂ ಒಂದು. ಆ ಹೆದ್ದಾರಿಯನ್ನು ಉಳಿಸಲು ವರ್ಷವರ್ಷವೂ ಬಂಡೆ ಸುರಿದರು, ಆಮೇಲೆ ಕಡಲಿಗೆ ಚಾಚಿದ ಕಲ್ಲಿನ ತಡೆಗಳನ್ನೂ ಕಟ್ಟಿದರು. ಹೆದ್ದಾರಿ ಉಳಿಯಿತು, ಆದರೆ ಅದರ ಮಗ್ಗುಲಿಗೇ ಈಗ ಕಾಣುವುದು ಹೆಚ್ಚಾಗಿ ಕಲ್ಲು. ಜನ ಕಾರು ನಿಲ್ಲಿಸಿ ನೋಡುವುದು ಕಡಲನ್ನು, ನಿಲ್ಲುವುದು ಬಂಡೆಯ ಮೇಲೆ. ಇದರಲ್ಲಿ ಎಂಜಿನಿಯರುಗಳ ತಪ್ಪೇನೂ ಇಲ್ಲ. ಹೆದ್ದಾರಿ ಅಲ್ಲಿ ಬೇಕೇ ಬೇಕೆಂದಾದ ಮೇಲೆ ಅವರಿಗೆ ಬೇರೆ ದಾರಿಯಿರಲಿಲ್ಲ. ಮಂಗಳೂರಿನ ಪಕ್ಕದ ಉಳ್ಳಾಲದಲ್ಲೂ ಇದೇ ಪಾಠ ಇನ್ನೊಂದು ಬಗೆಯಲ್ಲಿದೆ. ಅಳಿವೆಯ ಬಾಯಲ್ಲಿ ತಡೆಗೋಡೆ, ದಡದಲ್ಲಿ ಮನೆ, ಮನೆ ಉಳಿಸಲು ಕಲ್ಲು, ಆ ಕಲ್ಲಿನಿಂದಾಗಿ ಪಕ್ಕದ ದಡದಲ್ಲಿ ಕೊರೆತ. ಒಂದು ಕಡೆ ತಡೆದ ಮರಳು ಇನ್ನೊಂದು ಕಡೆ ಕಡಿಮೆ ಬೀಳಲೇಬೇಕು. ಕಡಲಿಗೆ ಮರಳಿನ ಹೊಸ ಖಜಾನೆ ತೆರೆಯಲು ಬರುವುದಿಲ್ಲ.

ಓಂ ತೀರದಾಚೆ ರಸ್ತೆ ಹೋಗುವುದು ಮರಳಿನ ಮೇಲಲ್ಲ, ಗುಡ್ಡದ ಮೇಲೆ. ಹಾಗಾಗಿ ಮರವಂತೆಯ ಮಾತು ಇಲ್ಲಿಗೆ ಸಲ್ಲದು ಎನ್ನಬಹುದು. ಆದರೆ ಗುಡ್ಡದ ವಿಚಾರ ಇನ್ನೂ ನಾಜೂಕು. ಈ ಕರಾವಳಿಯ ಎತ್ತರದ ಭಾಗಗಳ ಮೇಲೆ ಬಹುಮಟ್ಟಿಗೆ ಜಂಬಿಟ್ಟಿಗೆಯ ಹೊದಿಕೆಯಿದೆ. ಚಿರೇಕಲ್ಲು ಕಡಿದು ಮನೆ ಕಟ್ಟುವುದು ಇದರಿಂದಲೇ. ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಮಲಬಾರಿನ ಅಂಗಡಿಪ್ಪುರಂನಲ್ಲಿ ಕಂಡ ಕಲ್ಲನ್ನು ವಿವರಿಸುವಾಗ, 1807ರಲ್ಲಿ ಅಚ್ಚಾದ ಅವನ ಪ್ರವಾಸದ ಪುಸ್ತಕದಲ್ಲಿ. ಜಂಬಿಟ್ಟಿಗೆಯ ಗುಣವೇನೆಂದರೆ ಮೇಲೆ ಗಟ್ಟಿ, ತೂತುತೂತು. ಕೆಳಗೆ ಮೆದು ಜೇಡಿ. ಮಳೆಯ ನೀರು ಮೇಲಿನ ಪದರವನ್ನು ದಾಟಿ ಜೇಡಿಯ ಮೇಲೆ ನಿಲ್ಲುತ್ತದೆ. ಬುಡ ಕತ್ತರಿಸಿದ ಗುಡ್ಡಕ್ಕೆ ಆ ನೀರೇ ಶತ್ರು. ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗೂ ಮೀರಿ ಮಳೆ ಬೀಳುವ ನೆಲ ಇದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಗಂಗಾವಳಿಯ ದಂಡೆಯ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಚಹಾದಂಗಡಿ, ಲಾರಿಗಳ ಸಮೇತ ಹಲವರನ್ನು ಹೊಳೆಗೆ ತಳ್ಳಿತು. ಶಿರೂರು ಗೋಕರ್ಣಕ್ಕೆ ದೂರದ ಊರೇನಲ್ಲ. ಅಲ್ಲಿ ಹೆದ್ದಾರಿ ಅನಿವಾರ್ಯವಾಗಿತ್ತು, ದೇಶದ ಸರಕು ಅದರ ಮೇಲೆ ಓಡುತ್ತದೆ. ಹಾಫ್ ಮೂನ್‌ಗೆ ಓಡಬೇಕಾದ ಸರಕು ಯಾವುದು?

ಗುಡ್ಡದ ನೆತ್ತಿಯೂ ಪಾಳು ನೆಲವಲ್ಲ. ಬೇಸಿಗೆಯಲ್ಲಿ ಒಣಹುಲ್ಲು, ಕೆಂಪು ಕಲ್ಲು ಬಿಟ್ಟರೆ ಏನೂ ಇಲ್ಲವೆನಿಸುತ್ತದೆ. ಮಳೆ ಬಿದ್ದ ಕೆಲವೇ ವಾರಗಳಲ್ಲಿ ಅದೇ ಕಲ್ಲಿನ ತಗ್ಗುಗಳಲ್ಲಿ ನೀರು ನಿಂತು, ಬೆರಳುದ್ದದ ಗಿಡಗಳು ನೀಲಿ ಬಿಳಿ ಹೂ ಬಿಡುತ್ತವೆ. ಅವುಗಳಲ್ಲಿ ಕೆಲವು ಹುಳ ಹಿಡಿದು ತಿನ್ನುವ ಜಾತಿಯವು, ಮಣ್ಣಿನಲ್ಲಿ ಸಾರವಿಲ್ಲದ್ದಕ್ಕೆ ಅವು ಕಂಡುಕೊಂಡ ಉಪಾಯ. ಇಂಥ ನೆಲವನ್ನು ಸರಕಾರಿ ಕಡತಗಳಲ್ಲಿ ಬಂಜರು ಎಂದು ಬರೆಯುವುದು ಹಳೆಯ ಚಾಳಿ. ಬಂಜರು ಎಂದು ಬರೆದದ್ದರ ಮೇಲೆ ರಸ್ತೆ ಎಳೆಯುವುದು ಸುಲಭ.

ಇನ್ನು ಜೀವಿಗಳ ಮಾತು. ಈ ಜಿಲ್ಲೆಯ ತೀರಗಳಿಗೆ, ಕಾರವಾರದ ದೇವಬಾಗದಿಂದ ಹೊನ್ನಾವರದ ಕಾಸರಕೋಡಿನವರೆಗೆ, ಚಳಿಗಾಲದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಒಡಿಶಾದ ಗಹಿರಮಾತಾ, ರುಷಿಕುಲ್ಯಗಳಲ್ಲಿ ಬರುವಂತೆ ಲಕ್ಷಗಟ್ಟಲೆ ಅಲ್ಲ. ಒಂದೊಂದಾಗಿ, ರಾತ್ರಿ, ಸದ್ದಿಲ್ಲದೆ. ಹೆಣ್ಣಾಮೆ ಉಬ್ಬರದ ಗೆರೆಯ ಮೇಲಿನ ಒಣಮರಳಿಗೆ ತೆವಳಿ ಬಂದು, ಹಿಂಗಾಲಲ್ಲಿ ಮೊಣಕೈ ಆಳದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮುಚ್ಚಿ, ಒಂದು ಗಂಟೆಯೊಳಗೆ ನೀರಿಗೆ ವಾಪಸಾಗುತ್ತದೆ. ಮುಂದಿನದೆಲ್ಲ ಮರಳಿನ ಕೆಲಸ. ಮೊಟ್ಟೆಗೆ ಬೇಕಾದ ಬಿಸಿ, ಗಾಳಿ, ತೇವ ಎಲ್ಲವನ್ನೂ ಮರಳೇ ಕೊಡಬೇಕು. ಮರಿ ಗಂಡೋ ಹೆಣ್ಣೋ ಎಂಬುದೂ ಮರಳಿನ ಬಿಸಿಯ ಮೇಲೆ ನಿಂತಿದೆ: ಹೆಚ್ಚು ಬಿಸಿಯಾದರೆ ಹೆಣ್ಣು, ಕಡಿಮೆಯಾದರೆ ಗಂಡು. ಒಂದೂವರೆಯಿಂದ ಎರಡು ತಿಂಗಳಲ್ಲಿ ಮರಿಗಳು ಒಟ್ಟಿಗೆ ಮೇಲೆದ್ದು ಬರುತ್ತವೆ, ಬಹುತೇಕ ರಾತ್ರಿಯೇ. ಕಡಲು ಯಾವ ಕಡೆಯೆಂದು ಅವಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಕತ್ತಲಲ್ಲಿ ಹೆಚ್ಚು ಬೆಳಕಿರುವ ಕಡೆಗೆ ಹೋಗುತ್ತವೆ. ದೀಪಗಳಿಲ್ಲದ ಕಾಲದಲ್ಲಿ ಆ ಕಡೆ ಯಾವಾಗಲೂ ಕಡಲೇ ಆಗಿತ್ತು.

ರಸ್ತೆ ಈ ಲೆಕ್ಕವನ್ನು ಮೂರು ಕಡೆ ಕೆಡಿಸುತ್ತದೆ. ರಸ್ತೆಯ ಹಿಂದೆಯೇ ಕಂಬ ಬರುತ್ತದೆ, ಕಂಬದ ಹಿಂದೆ ಹೋಟೆಲಿನ ದೀಪ. ಮರಿಗಳು ದೀಪದ ಕಡೆ ತೆವಳಿ, ಬೆಳಗಿನ ಹೊತ್ತಿಗೆ ಕಾಗೆ ನಾಯಿಗಳ ಪಾಲು. ವಾಹನ ಮರಳಿಗಿಳಿದರೆ ಮರಳು ಬಿಗಿಯುತ್ತದೆ, ಬಿಗಿದ ಮರಳಿನಡಿಯಿಂದ ಮರಿ ಮೇಲೆ ಬರಲಾರದು. ಬಂದರೂ ಚಕ್ರದ ಜಾಡಿನ ತಗ್ಗಿಗೆ ಬಿದ್ದು ಜಾಡಿನುದ್ದಕ್ಕೂ ಓಡಿ ಸುಸ್ತಾಗುತ್ತದೆ. ಮೂರನೆಯದು ಗಿಡಬಳ್ಳಿಯ ನಷ್ಟ. ನೇರಳೆ ಹೂವಿನ ಅಡಂಬು ಬಳ್ಳಿ ಮರಳನ್ನು ಹಿಡಿದಿಡುವ ಬೇಲಿ. ವಾಹನ ನಿಲ್ಲಿಸುವ ಜಾಗಕ್ಕಾಗಿ ಮೊದಲು ಹೋಗುವುದು ಅದೇ. ಬಿಲ ತೋಡುವ ಏಡಿಗಳ ಕಥೆಯೂ ಇದೇ: ಲೋಕದ ಹಲವು ಕಡೆ ಸಂಶೋಧಕರು ಒಂದು ತೀರಕ್ಕೆ ಎಷ್ಟು ಪೆಟ್ಟು ಬಿದ್ದಿದೆಯೆಂದು ಅಳೆಯಲು ಆ ಬಿಲಗಳನ್ನೇ ಎಣಿಸುತ್ತಾರೆ. ಕಾಸರಕೋಡಿನ ಟೊಂಕದಲ್ಲಿ ಬಂದರಿಗಾಗಿ ಮರಳಿನ ಮೇಲೆ ರಸ್ತೆ ಬಂದಾಗ ಮೀನುಗಾರರು ಬೀದಿಗಿಳಿದದ್ದು ತಮ್ಮ ಮೀನು ಒಣಗಿಸುವ ಜಾಗಕ್ಕಾಗಿ, ಮನೆಗಳಿಗಾಗಿ. ಆದರೆ ಆಮೆಗಳ ಗೂಡುಗಳ ಪ್ರಶ್ನೆಯೂ ಅದರ ಜತೆಗೇ ಎದ್ದಿತು. ಅವು ಬೇರೆ ಬೇರೆ ಪ್ರಶ್ನೆಗಳಲ್ಲ. ಮೀನು ಒಣಗಿಸುವವರಿಗೂ ಆಮೆಗೂ ಬೇಕಾದದ್ದು ಅದೇ ಒಣಮರಳು. ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ, ಬಲೆ ಕಟ್ಟಿ ಕಾಯುವ ಕೆಲಸದಲ್ಲಿ ಈ ಕರಾವಳಿಯ ಮೀನುಗಾರರೇ ಮುಂದಿದ್ದಾರೆ ಎಂಬುದನ್ನು ಮರೆಯಬಾರದು.

ನಡೆಯುವವರ ಕಾಲೂ ಮರಳಿನ ಮೇಲೆಯೇ ಬೀಳುತ್ತದಲ್ಲ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಉತ್ತರ ಕಡಲಲ್ಲೇ ಇದೆ. ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹೊತ್ತು ದಿನದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಇಳಿತದ ಹೊತ್ತಿನಲ್ಲಿ ಬಿಟ್ಟುಕೊಟ್ಟ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ನಡೆಯಲು ಸುಖ. ಅಲ್ಲಿ ಆಮೆ ಗೂಡು ಮಾಡುವುದಿಲ್ಲ, ಬಳ್ಳಿ ಬೆಳೆಯುವುದಿಲ್ಲ, ಬಿದ್ದ ಹೆಜ್ಜೆಯನ್ನು ಮುಂದಿನ ಉಬ್ಬರ ಒರೆಸುತ್ತದೆ. ತೀರ ಮುಗಿದಲ್ಲಿ ಗುಡ್ಡದ ಒಂದೇ ಜಾಡು. ಜಾಡು ಬಿಟ್ಟು ಅಡ್ಡ ಹಾಯದಿದ್ದರೆ ಸಾವಿರ ಜನ ನಡೆದರೂ ನೆಲಕ್ಕೆ ಆಗುವ ಹಾನಿ ಒಂದಡಿ ಅಗಲದ್ದು. ರಾತ್ರಿ ಮಾತ್ರ ನಡೆಯಬಾರದು, ಅದರಲ್ಲೂ ಡಿಸೆಂಬರಿನಿಂದ ಮಾರ್ಚ್‌ವರೆಗೆ ಟಾರ್ಚ್ ಹಿಡಿದು ಮರಳಿಗೆ ಇಳಿಯಲೇಬಾರದು. ದಡಕ್ಕೆ ಬರುತ್ತಿರುವ ಆಮೆ ಬೆಳಕು ಕಂಡರೆ ಮೊಟ್ಟೆಯಿಡದೆ ಹಿಂದಿರುಗುತ್ತದೆ.

ನಡಿಗೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಹೊಳೆಯನ್ನು ಕಾಣಿಸುತ್ತದೆ. ಕಾರಿನಲ್ಲಿ ಬಂದವರಿಗೆ ಗೋಕರ್ಣವೆಂದರೆ ಮಹಾಬಲೇಶ್ವರ, ನಾಲ್ಕು ಬೀಚು, ಮೀನೂಟ. ಪ್ಯಾರಡೈಸ್ ದಾಟಿ ಬೇಲೆಕಾನಕ್ಕೆ, ಅಲ್ಲಿಂದ ತದಡಿಯ ಮೀನುಗಾರಿಕಾ ಬಂದರಿಗೆ ನಡೆದವರ ಮುಂದೆ ಅಘನಾಶಿನಿ ಅಡ್ಡ ನಿಲ್ಲುತ್ತದೆ, ದೋಣಿಗಾಗಿ ಕಾಯಬೇಕಾಗುತ್ತದೆ. ಆ ಕಾಯುವಿಕೆಯಲ್ಲಿ ಕಾಣುವುದೇ ಈ ಕರಾವಳಿಯ ನಿಜವಾದ ಆಸ್ತಿ. ಶಿರಸಿಯ ಕಡೆಯಿಂದ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ ಬರುವ ಈ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ಉತ್ತರಕ್ಕೆ ಕಾಳಿ, ದಕ್ಷಿಣಕ್ಕೆ ಶರಾವತಿ, ಎರಡನ್ನೂ ಸೂಪಾ, ಕದ್ರಾ, ಲಿಂಗನಮಕ್ಕಿಗಳಲ್ಲಿ ತಡೆದು ನಿಲ್ಲಿಸಿದ್ದೇವೆ. ಅಣೆಕಟ್ಟಿನ ಹಿಂದೆ ನೀರಷ್ಟೇ ನಿಲ್ಲುವುದಿಲ್ಲ, ಮರಳೂ ಮಣ್ಣೂ ನಿಲ್ಲುತ್ತವೆ. ಈ ಮೂರರಲ್ಲಿ ಅಘನಾಶಿನಿ ಮಾತ್ರ ಘಟ್ಟದ ಮಣ್ಣನ್ನು ಇನ್ನೂ ಕಡಲಿನವರೆಗೆ ತರುತ್ತಿದೆ. ಅಳಿವೆಯ ಕೆಸರು, ಕಾಂಡ್ಲಾ ಕಾಡು, ಗಜನಿಯ ಗದ್ದೆ, ಹೊರಗಿನ ತೀರದ ಮರಳು ಎಲ್ಲವೂ ಆ ಸರಬರಾಜಿನ ಮೇಲೆ ನಿಂತಿವೆ. ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿನಲ್ಲಿ ನಿಂತು ಬೆಳಚು, ಚಿಪ್ಪೆಕಲ್ಲು ಆಯುವ ಹೆಂಗಸರು, ಉಪ್ಪುನೀರು ಸಹಿಸುವ ಕಗ್ಗ ಭತ್ತ ಬೆಳೆಯುವ ಗಜನಿ ರೈತರು, ಸಾಣಿಕಟ್ಟೆಯ ಉಪ್ಪಿನ ಆಗರ ಇವೆಲ್ಲ ಒಂದೇ ಅಳಿವೆಯ ಸಂಸಾರ. ನೀರುನಾಯಿಗಳಿವೆ. ಅಳಿವೆಯ ಬಾಯಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳು ಮೀನು ಅಟ್ಟಿಸಿಕೊಂಡು ಬರುತ್ತವೆ. ಬಿಳಿಹೊಟ್ಟೆಯ ಕಡಲ ಹದ್ದು ದಡದ ಎತ್ತರದ ಮರದಲ್ಲಿ ಕೂತಿರುತ್ತದೆ. ಚಳಿಗಾಲದಲ್ಲಿ ಕೆಸರಿನ ಮೇಲೆ ಉತ್ತರದಿಂದ ಬಂದ ಸಣ್ಣ ದಡಹಕ್ಕಿಗಳು, ಬೆಳ್ಳನೆಯ ಕಡಲಕ್ಕಿಗಳು.

ಈ ಅಳಿವೆಯ 4,801 ಹೆಕ್ಟೇರ್ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ರಂಗನತಿಟ್ಟಿನ ನಂತರ ರಾಜ್ಯದಿಂದ ಆ ಪಟ್ಟಿ ಸೇರಿದ ಮೂರು ತಾಣಗಳಲ್ಲಿ ಇದೂ ಒಂದು, ಉಳಿದೆರಡು ಮಾಗಡಿ ಕೆರೆ ಮತ್ತು ಅಂಕಸಮುದ್ರ. ಇದೇ ತದಡಿಯಲ್ಲಿ ಒಂದು ಕಾಲಕ್ಕೆ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಯೋಜನೆಯಿತ್ತು. ಜನ ಬೇಡವೆಂದರು, ಯೋಜನೆ ಬಿತ್ತು. ಹೊಳೆಯನ್ನು ಕಂಡವರಿದ್ದದ್ದರಿಂದ, ಹೊಳೆಯಿಂದ ಬದುಕುವವರಿದ್ದದ್ದರಿಂದ ಬಿತ್ತು. ತೀರವನ್ನು ವಾಹನ ನಿಲ್ಲಿಸುವ ಜಾಗದಿಂದಷ್ಟೇ ಬಲ್ಲ ಪ್ರವಾಸಿಗೆ ಮರಳಿಗೂ ಹೊಳೆಗೂ ಇರುವ ಸಂಬಂಧ ತಿಳಿಯುವ ಅವಕಾಶವೇ ಇಲ್ಲ. ಕಾರವಾರದಲ್ಲಿ ಅಣ್ಣನ ಮನೆಗೆ ಬಂದಿದ್ದ ಯುವಕ ರವೀಂದ್ರನಾಥ ಟ್ಯಾಗೋರರು ಬೆಳದಿಂಗಳಲ್ಲಿ ಕಾಳಿ ಹೊಳೆಯ ಮೇಲೆ ದೋಣಿಯಲ್ಲಿ ಹೋಗಿ, ಅಳಿವೆಯ ಮರಳಿನಲ್ಲಿ ಇಳಿದು ನಡೆದು ಮನೆ ಸೇರಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಇಂದು ಅವರ ಹೆಸರನ್ನೇ ಹೊತ್ತ ಆ ತೀರದ ಬೆನ್ನಿಗೆ ಹೆದ್ದಾರಿ ಇದೆ.

ಈಗ ಆಕ್ಷೇಪಗಳು. ಅತ್ಯಂತ ಗಂಭೀರವಾದದ್ದು ಇದು: ಕಾಲುದಾರಿ ಮಾತ್ರ ಎಂದರೆ ವಯಸ್ಸಾದವರು, ಗಾಲಿಕುರ್ಚಿಯವರು, ಎಳೆಗೂಸಿನ ತಾಯಂದಿರು ಹಾಫ್ ಮೂನ್ ನೋಡುವುದು ಬೇಡವೇ? ಗಟ್ಟಿ ಕಾಲಿನವರಿಗಷ್ಟೇ ಚೆಲುವು ಎಂದಾಗುವುದಿಲ್ಲವೇ? ಈ ಪ್ರಶ್ನೆಯನ್ನು ತಳ್ಳಿಹಾಕುವವರು ಹೆಚ್ಚಾಗಿ ಗಟ್ಟಿ ಕಾಲಿನವರೇ. ಆದರೆ ಉತ್ತರ ಹಾಫ್ ಮೂನ್‌ಗೆ ರಸ್ತೆ ಎಳೆಯುವುದರಲ್ಲಿಲ್ಲ, ರಸ್ತೆ ಇರುವ ತೀರಗಳನ್ನು ಎಲ್ಲರಿಗೂ ದಕ್ಕುವಂತೆ ಮಾಡುವುದರಲ್ಲಿದೆ. 2020ರಲ್ಲಿ ನೀಲಿ ಬಾವುಟ ಪಡೆದ ಹೊನ್ನಾವರದ ಕಾಸರಕೋಡು, ಉಡುಪಿಯ ಪಡುಬಿದ್ರಿ ತೀರಗಳಲ್ಲಿ ಆ ಮನ್ನಣೆಯ ಷರತ್ತಿನಂತೆಯೇ ಇಳಿಜಾರು ಹಾದಿ, ಶೌಚಾಲಯ, ಜೀವರಕ್ಷಕರು ಇರಬೇಕು. ಹೊನ್ನಾವರದಲ್ಲೇ ಶರಾವತಿಯ ಕಾಂಡ್ಲಾ ಕಾಡಿನೊಳಗೆ ಹಲಗೆಯ ಕಾಲುಸೇತುವೆಯಿದೆ. ಕೆಸರು ತುಳಿಯಲಾರದವರೂ ಕಾಂಡ್ಲಾ ಗಿಡದ ಬೇರುಗಳನ್ನು ಹತ್ತಿರದಿಂದ ನೋಡಬಹುದು. ಓಂ ತೀರಕ್ಕೆ ರಸ್ತೆ ಬಂದು ಎಷ್ಟೋ ವರ್ಷವಾದರೂ ಮರಳಿಗೆ ಇಳಿಯುವುದು ಇಂದಿಗೂ ಮೆಟ್ಟಿಲ ಮೇಲಿಂದಲೇ. ಅಶಕ್ತರ ಹೆಸರಿನಲ್ಲಿ ಕೇಳಿದ ರಸ್ತೆಗಳು ಅಶಕ್ತರಿಗೆ ಎಷ್ಟು ಉಪಯೋಗವಾಗಿವೆ ಎಂಬುದನ್ನು ಅಲ್ಲಿ ನಿಂತೇ ಲೆಕ್ಕ ಹಾಕಬಹುದು.

ಎರಡನೆಯದು ಹೊಟ್ಟೆಪಾಡಿನ ಆಕ್ಷೇಪ. ನಗರದವರಿಗೆ ಕಾಡುದಾರಿ ಚೆಂದ, ಊರವರಿಗೆ ರಸ್ತೆ ಬೇಕು. ಈ ಮಾತಿನ ಅರ್ಧ ಸಂಪೂರ್ಣ ಸರಿ. ಬೇಲೆಕಾನ, ತದಡಿ, ಅಘನಾಶಿನಿ, ಕಾಗಾಲ ಇವು ಜನವಸತಿಯ ಊರುಗಳು. ಅಲ್ಲಿಗೆ ಮಂಜುಗಡ್ಡೆ ಬರಬೇಕು, ಮೀನಿನ ಗಾಡಿ ಹೋಗಬೇಕು, ರಾತ್ರಿ ಹೆರಿಗೆ ನೋವು ಬಂದರೆ ಆಂಬ್ಯುಲೆನ್ಸ್ ಮನೆ ಬಾಗಿಲಿಗೆ ಬರಬೇಕು. ಊರಿಗೆ ರಸ್ತೆ ಹಕ್ಕು. ಅದರಲ್ಲಿ ಪ್ರವಾಸಿಯ ಅಭಿಪ್ರಾಯ ಕೇಳಬೇಕಾಗಿಯೇ ಇಲ್ಲ. ಆದರೆ ಹಾಫ್ ಮೂನ್‌ನಲ್ಲಿ ಊರಿಲ್ಲ, ಪ್ಯಾರಡೈಸ್‌ನಲ್ಲೂ ಇಲ್ಲ. ಅಲ್ಲಿಗೆ ಹೋಗುವ ರಸ್ತೆಯ ಮೊದಲ ಲಾಭ ಗುಡ್ಡದ ಮೇಲೆ ಜಾಗ ಹಿಡಿದವರಿಗೆ. ದೋಣಿಯವರ ಸ್ಥಿತಿ ನೋಡಿ: ಈಗ ಓಂ ತೀರದಿಂದ ಮುಂದಿನ ತೀರಗಳಿಗೆ ಜನರನ್ನು ಕರೆದೊಯ್ಯುವುದು ಅವರ ಹಂಗಾಮಿನ ದುಡಿಮೆ. ರಸ್ತೆ ಮುಗಿಯುತ್ತದೆ ಎಂಬ ಒಂದೇ ಕಾರಣಕ್ಕೆ ಆ ದುಡಿಮೆ ಇದೆ. ರಸ್ತೆ ಮುಂದಕ್ಕೆ ಹೋದ ದಿನ ದೋಣಿ ಖಾಲಿ. ನಡೆಯುವವರು ಹೆಚ್ಚು ಹೊತ್ತು ಇರುತ್ತಾರೆ, ಹಸಿಯುತ್ತಾರೆ, ದಾರಿ ಕೇಳುತ್ತಾರೆ, ಹೊಳೆ ದಾಟಲು ದುಡ್ಡು ಕೊಡುತ್ತಾರೆ, ಅಘನಾಶಿನಿಯಲ್ಲೋ ಕಾಗಾಲದಲ್ಲೋ ಊಟ ಮಾಡುತ್ತಾರೆ. ಕಾರಿನವರು ಸಾಮಾನ್ಯವಾಗಿ ಊಟವನ್ನು ಹೆದ್ದಾರಿಯಲ್ಲೇ ಮುಗಿಸಿ ಬಂದಿರುತ್ತಾರೆ. ಕಾಲುದಾರಿಯನ್ನೇ ನೆಚ್ಚಿಕೊಂಡ ನಾಡುಗಳೂ ಇವೆ: ವೇಲ್ಸ್ ದೇಶ 2012ರಲ್ಲಿ ತನ್ನ ಇಡೀ ಕರಾವಳಿಗೆ ಸುಮಾರು 1,400 ಕಿ.ಮೀ. ಕಾಲುದಾರಿಯನ್ನು ಜೋಡಿಸಿತು. ಇಂಗ್ಲೆಂಡ್ 2009ರ ಕಾನೂನಿನಿಂದ ಅದನ್ನೇ ಮಾಡುತ್ತಿದೆ. ಕಡಲು ದಡ ಕೊರೆದರೆ ದಾರಿಯನ್ನು ಒಳನಾಡಿನ ಕಡೆ ಸರಿಸಲು ಆ ಏರ್ಪಾಡಿನಲ್ಲೇ ಅವಕಾಶವಿದೆ. ದಾರಿ ಸರಿಯಬಲ್ಲದು ಎಂಬುದನ್ನು ಕಾನೂನೇ ಒಪ್ಪಿದೆ ಎಂದಾಯಿತು. ಅದಕ್ಕೆ ತಡೆಗೋಡೆಯ ಖರ್ಚಿಲ್ಲ.

ಮೂರನೆಯದು ಅಪಾಯ. ಬಂಡೆ ಜಾರುತ್ತದೆ, ಅಲೆ ಎಳೆದೊಯ್ಯುತ್ತದೆ, ಹಾಫ್ ಮೂನ್‌ನಲ್ಲಿ ಯಾರಾದರೂ ಬಿದ್ದರೆ ನೆರವು ತಡವಾಗುತ್ತದೆ. ಇದು ನಿಜ, ಗೋಕರ್ಣದ ತೀರಗಳಲ್ಲಿ ಪ್ರಾಣ ಹೋಗುವುದು ಅಪರೂಪವೂ ಅಲ್ಲ. ಆದರೆ ರಸ್ತೆ ಪ್ರಾಣ ಉಳಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಮುರ್ಡೇಶ್ವರಕ್ಕೆ ರಸ್ತೆಯೇನು, ಮರಳಿನ ಅಂಚಿನವರೆಗೂ ಬಸ್ಸು ಹೋಗುತ್ತದೆ. ಈಜು ಬಾರದವರನ್ನು ಗುಂಪುಗುಂಪಾಗಿ ನೀರಿನ ಬಾಯಿಗೆ ತಂದು ಬಿಡುವುದೇ ರಸ್ತೆ ಎನ್ನಬಹುದು. ಕಾಲುದಾರಿಗೆ ಬೇಕಾದದ್ದು ಬೇರೆ: ದಾರಿಯ ತುದಿಯಲ್ಲಿ ಆ ದಿನದ ಉಬ್ಬರ ಇಳಿತದ ಹೊತ್ತು ಬರೆದ ಹಲಗೆ, ಎಲ್ಲಿ ನೀರಿಗಿಳಿಯಬಾರದೆಂಬ ಕನ್ನಡದ ಸೂಚನೆ, ಹಂಗಾಮಿನಲ್ಲಿ ಊರಿನ ಈಜುಗಾರರೇ ಜೀವರಕ್ಷಕರು, ತುರ್ತಿಗೆ ಒಂದು ದೋಣಿ. ಮಳೆಗಾಲದ ನಾಲ್ಕು ತಿಂಗಳು ದಾರಿ ಮುಚ್ಚಿಬಿಡಬೇಕು. ಆಗ ಯಾಂತ್ರಿಕ ದೋಣಿಗಳಿಗೇ ಎರಡು ತಿಂಗಳ ನಿಷೇಧವಿರುತ್ತದೆ. ಮೀನುಗಾರರು ಕಡಲಿಗೆ ಬಿಡುವು ಕೊಡುವಾಗ ಪ್ರವಾಸಿಗರಿಗೆ ಮಾತ್ರ ಏಕೆ ಅವಸರ?

ಕೊನೆಯ ಆಕ್ಷೇಪಕ್ಕೆ ಪೂರ್ತಿ ಉತ್ತರ ಸುಲಭವಲ್ಲ. ರಸ್ತೆಯಿಲ್ಲದ ತೀರವೇ ಈಗ ಮೋಜಿನವರಿಗೆ ಹೆಚ್ಚು ಪ್ರಿಯ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬಸ್ಸು ಬಸ್ಸು ಜನ ಬಂದು, ಬೆಂಕಿ ಹಾಕಿ, ಬಾಟಲಿ ಒಡೆದು ಹೋಗುತ್ತಾರೆ. ಕಸ ಒಯ್ಯಲು ಗಾಡಿ ಹೋಗಲಾರದ ಜಾಗದಲ್ಲಿ ಕಸ ಅಲ್ಲೇ ಉಳಿಯುತ್ತದೆ. ಕಾಲುದಾರಿ ತಾನಾಗಿಯೇ ತೀರವನ್ನು ಕಾಯುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಕಾಲುದಾರಿಯಲ್ಲಿ ಜನರನ್ನು ಎಣಿಸಬಹುದು. ದಕ್ಷಿಣ ಆಫ್ರಿಕಾದ ತ್ಸಿತ್ಸಿಕಾಮಾ ಕಡಲಂಚಿನಲ್ಲಿ 1968ರಲ್ಲಿ ತೆರೆದ ಆಟರ್ ಟ್ರೇಲ್ ಎಂಬ ಐದು ದಿನದ ಹಾದಿಗೆ ದಿನಕ್ಕೆ ಹನ್ನೆರಡೇ ಜನರನ್ನು ಬಿಡುತ್ತಾರೆ. ಅಷ್ಟು ಬಿಗಿ ಗೋಕರ್ಣಕ್ಕೆ ಆಗದು, ಬೇಕೂ ಇಲ್ಲ. ಹತ್ತಿರದ ಉದಾಹರಣೆ ಕುಮಾರ ಪರ್ವತ: 2024ರ ಜನವರಿಯಲ್ಲಿ ಅಲ್ಲಿ ಸಂತೆಯಂತೆ ಜನ ಸೇರಿದ ಮೇಲೆ ಅರಣ್ಯ ಇಲಾಖೆ ಚಾರಣವನ್ನು ನಿಲ್ಲಿಸಿ, ಮುಂಗಡ ನೋಂದಣಿ ಮತ್ತು ದಿನಕ್ಕೆ 300 ಜನರ ಮಿತಿಯೊಂದಿಗೆ ಮತ್ತೆ ತೆರೆಯಿತು. ಓಂ ತೀರದಿಂದ ಹಾಫ್ ಮೂನ್‌ಗೆ ಹೋಗುವ ಜಾಡಿನ ಬಾಯಿ ಒಂದೇ. ದೋಣಿ ಹತ್ತುವ ಜಾಗವೂ ಗೊತ್ತಿರುವಂಥದ್ದೇ. ಅಲ್ಲಿ ಎಣಿಸಿ ಬಿಡುವುದು, ಪ್ಲಾಸ್ಟಿಕ್ಕಿಗೆ ಠೇವಣಿ ಪಡೆದು ಮರಳಿ ತಂದಾಗ ವಾಪಸು ಕೊಡುವುದು, ರಾತ್ರಿ ತಂಗುವುದನ್ನು ನಿಷೇಧಿಸುವುದು ಯಾವುದೂ ಅಸಾಧ್ಯವಲ್ಲ. ದೋಣಿಯವರಿಗೂ ಒಂದು ನಿಯಮ ಬೇಕು, ಡಾಲ್ಫಿನ್ ಕಂಡರೆ ಅಟ್ಟಬಾರದು, ಎಂಜಿನ್ ಆರಿಸಿ ನಿಲ್ಲಬೇಕು. ರಸ್ತೆಗೆ ಇಂಥ ಬಾಯಿ ಇಲ್ಲ. ಬಂದ ಮೇಲೆ ಎಷ್ಟು ವಾಹನ ಎಂಬುದನ್ನು ರಜಾದಿನಗಳ ಪಟ್ಟಿ ನಿರ್ಧರಿಸುತ್ತದೆ.

ಕಾನೂನು ಇದೆಯಲ್ಲ, ಅದು ತಡೆಯುತ್ತದೆ ಎಂದು ನೆಮ್ಮದಿಯಿಂದಿರುವವರೂ ಇದ್ದಾರೆ. ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ತೀರವನ್ನು ಖಾಲಿ ಬಿಡಿ ಎಂದು 1981ರಲ್ಲಿ ಇಂದಿರಾ ಗಾಂಧಿಯವರು ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಹತ್ತು ವರ್ಷದ ಮೇಲೆ, 1991ರಲ್ಲಿ, ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಬಂತು. 2011ರಲ್ಲಿ ಅದು ಬದಲಾಯಿತು, 2019ರಲ್ಲಿ ಮತ್ತೆ. ಹೊಸದರಲ್ಲಿ ಜನದಟ್ಟಣೆ ಹೆಚ್ಚಿರುವ ಹಳ್ಳಿಗಾಡಿನ ತೀರಗಳಲ್ಲಿ ಕಟ್ಟಡ ಕಟ್ಟಬಾರದ ಪಟ್ಟಿ 200 ಮೀಟರಿನಿಂದ 50 ಮೀಟರಿಗೆ ಇಳಿಯಿತು. ತೀರದಲ್ಲಿ ತಾತ್ಕಾಲಿಕ ಪ್ರವಾಸಿ ಸೌಕರ್ಯಗಳಿಗೂ ದಾರಿ ತೆರೆಯಿತು. ಗೆರೆಗಳು ಸರಿಯುತ್ತಲೇ ಇವೆ, ಯಾವಾಗಲೂ ಕಡಲಿನ ಕಡೆಗೇ. ಕಾಗದದ ಮೇಲಿನ ಗೆರೆಗಿಂತ ಓಂ ತೀರದಾಚೆಯ ಕಡಿದಾದ ಗುಡ್ಡ ಇಲ್ಲಿಯವರೆಗೆ ಹೆಚ್ಚು ಕೆಲಸ ಮಾಡಿದೆ.

ಗ್ರಾಮಸಭೆಗಳಲ್ಲಿ, ತಾಲೂಕು ಸಭೆಗಳಲ್ಲಿ, ಪ್ರವಾಸೋದ್ಯಮದ ಯೋಜನೆಗಳಲ್ಲಿ ಹಾಫ್ ಮೂನ್, ಪ್ಯಾರಡೈಸ್‌ಗಳ ಹೆಸರಿನ ಮುಂದೆ 'ಸಂಪರ್ಕ ರಸ್ತೆ' ಎಂದು ಬಂದಾಗ ಜಿಲ್ಲೆಯವರು ಅದಕ್ಕೆ ಸಹಿ ಹಾಕಬಾರದು. ಆ ಹಣ ತದಡಿಯ ದೋಣಿಕಟ್ಟೆಗೆ, ಜೀವರಕ್ಷಕರ ಸಂಬಳಕ್ಕೆ, ಕಸ ಹೊರುವವರ ಕೂಲಿಗೆ ಹೋಗಲಿ. ಹೊರಗಿನಿಂದ ಬರುವವರು ನವೆಂಬರಿನಿಂದ ಫೆಬ್ರುವರಿಯೊಳಗೆ ಬನ್ನಿ. ಹೊರಡುವ ಮೊದಲು ಇಳಿತದ ಹೊತ್ತು ತಿಳಿದುಕೊಳ್ಳಿ, ಕುಡಿಯುವ ನೀರು ಹೊತ್ತುಕೊಳ್ಳಿ, ಖಾಲಿ ಬಾಟಲಿಯನ್ನೂ ಹೊತ್ತು ವಾಪಸು ತನ್ನಿ. ಸಂಜೆ ದೋಣಿ ನಿಲ್ಲುವ ಮೊದಲು ತದಡಿ ಮುಟ್ಟಬೇಕು ಎಂಬುದು ನೆನಪಿರಲಿ.